ಮೇಸ್ತ್ರಿ ಹಾಕಿದ ಚುಕ್ಕಿ

ರಗಳೆಯೆಲ್ಲ ಶುರುವಾದದ್ದು "ಒಂದು ಗಂಟೆ" ಎಂಬ ಮಾತಿನಿಂದ.

ಬೀಗದ ಮೇಸ್ತ್ರಿ ಹಿಂದಿನ ದಿನ ಸಂಜೆ ನಾಣ್ಯದಂಗಡಿಯ ಯಜಮಾನರನ್ನು ಕಂಡು, ಕೀಲಿ ಯಂತ್ರ ಕೊಳ್ಳಲು ದುಡ್ಡು ಬೇಕಿದೆ, ತೀರಿಕೊಂಡ ಸೋದರಮಾವ ತನ್ನ ಪಾಲಿಗೆ ಬಿಟ್ಟುಹೋದ ಒಂದು ಡಬ್ಬಿ ಹಳೆ ನಾಣ್ಯಗಳಿಗೆ ಬೆಲೆ ಕಟ್ಟಿ ಕೊಳ್ಳುತ್ತೀರಾ ಎಂದು ಕೇಳಿ ಬಂದಿದ್ದ. ಯಜಮಾನರು ಒಳ್ಳೆಯ ಮಾತಿನಲ್ಲೇ ಹೇಳಿದ್ದರು: "ನಾಳೆ ತಗೊಂಡು ಬಾಪ್ಪ. ಡಬ್ಬಿ ಒಂದು ಗಂಟೆ ನನ್ನ ಹತ್ರ ಬಿಟ್ಟು ಹೊರಗೆ ಒಂದು ಸುತ್ತು ಹಾಕ್ಕೊಂಡು ಬಾ. ಎದುರಿಗೆ ಯಾರಾದ್ರೂ ಉಸಿರು ಬಿಡ್ತಾ ಕೂತಿದ್ರೆ ನನಗೆ ಭೂತಗನ್ನಡಿ ಹಿಡಿಯೋಕೆ ಆಗಲ್ಲ."

ಬೇರೆ ಯಾರೇ ಆಗಿದ್ದರೂ ಹೂಂ ಅಂದು ಬಂದು ಮಲಗುತ್ತಿದ್ದರು. ಆದರೆ ಮೇಸ್ತ್ರಿ ಇಪ್ಪತ್ತೆರಡು ವರ್ಷದಿಂದ ಬೀಗ ರಿಪೇರಿ ಮಾಡಿದವನು. ಎರಡು ನಿಮಿಷದಲ್ಲಿ ತೆರೆಯದ ಬೀಗ ಈ ಲೋಕದಲ್ಲಿ ಹುಟ್ಟಿಲ್ಲ ಎಂಬುದು ಅವನಿಗೆ ಗೊತ್ತು. ಅಂದಮೇಲೆ ಒಂದು ಗಂಟೆಯಲ್ಲಿ ಏನೇನು ಆಗಬಹುದು? ಮನೆ ಬಾಗಿಲಿಗೆ ಮೂರು ಬೀಗ ಹಾಕಿ, ನಾಲ್ಕನೆಯದನ್ನು ಹಾಕಿದ ಹಾಗೆ ನಟಿಸಿ ಹೊರಡುವ ಆಸಾಮಿ ಅವನು. ರಾತ್ರಿಯಿಡೀ ಆ ಒಂದು ಗಂಟೆ ಅವನ ತಲೆಯೊಳಗೆ ಹೆಗ್ಗಣದ ಹಾಗೆ ಓಡಾಡಿತು.

ದುಡ್ಡೇನೋ ಬೇಕೇ ಬೇಕಿತ್ತು. ಅವನ ಅಂಗಡಿಯ ಎದುರುಗಡೆ, ರಸ್ತೆಯಾಚೆ, ಕೀಲಿ ಕೊರೆಯುವ ಯಂತ್ರ ಇಟ್ಟುಕೊಂಡು ಹೊಸಬನೊಬ್ಬ ಬಂದು ಕೂತಿದ್ದ. ಮೇಸ್ತ್ರಿ ಅರ ಹಿಡಿದು ಅರ್ಧ ಗಂಟೆ ಉಜ್ಜಿ ಮಾಡುವ ಕೀಲಿಯನ್ನು ಆ ಯಂತ್ರ ಒಂದು ನಿಮಿಷಕ್ಕೆ ಉಗುಳುತ್ತಿತ್ತು. ಮೂರು ವಾರದಲ್ಲಿ ಮೇಸ್ತ್ರಿಯ ಅಂಗಡಿಗೆ ಬಂದವರು ಇಬ್ಬರು. ಅದರಲ್ಲಿ ಒಬ್ಬ ಎದುರಂಗಡಿ ಎಷ್ಟು ಹೊತ್ತಿಗೆ ತೆಗೆಯುತ್ತೆ ಎಂದು ಕೇಳಲು ಬಂದಿದ್ದ. ಸಾಲದ್ದಕ್ಕೆ ಆ ಹೊಸಬ, "ನಮ್ಮಲ್ಲೇ ಬಂದು ಕೂತ್ಕೊಳ್ಳಿ ಮೇಸ್ತ್ರೀ, ಸಂಬಳ ಕೊಡ್ತೀನಿ" ಎಂದು ಬೇರೆ ಹೇಳಿ ಕಳಿಸಿದ್ದ. ಅಷ್ಟರಲ್ಲಿ ಹಳೆ ಯಂತ್ರಗಳ ವ್ಯಾಪಾರಿಯ ಹತ್ತಿರ ಅಂಥದೇ ಒಂದು ಯಂತ್ರ, ಒಂದು ಕೈ ಬಳಸಿದ್ದು, ಮಾರಾಟಕ್ಕೆ ಬಂದಿತ್ತು. "ನಾಳೆ ಸಂಜೆ ಆರರ ತನಕ ನಿಮಗೆ ಅಂತ ಇಟ್ಟಿರ್ತೀನಿ. ಆರೂ ಐದಕ್ಕೆ ಬಂದ್ರೆ ಇರಲ್ಲ" ಎಂದಿದ್ದ ಅವನು. ನಾಣ್ಯ ಮಾರಿದರೆ ಯಂತ್ರ. ಇಲ್ಲವಾದರೆ ಎದುರಂಗಡಿಯ ಸ್ಟೂಲು.

ಮರುದಿನ ಮಧ್ಯಾಹ್ನ ಮೇಸ್ತ್ರಿ ಅಂಗಡಿಯ ಹಲಗೆಯ ಮೇಲೆ ಡಬ್ಬಿ ಬಿಚ್ಚಿ ಕೂತ. ಸೋದರಮಾವ ಮೂವತ್ತೈದು ವರ್ಷ ಬಸ್ ಕಂಡಕ್ಟರಾಗಿದ್ದವರು. ಪ್ರಯಾಣಿಕರು ಗಡಿಬಿಡಿಯಲ್ಲಿ ಕೊಟ್ಟ ಹಳೆಯ, ಪರದೇಶದ, ಎಲ್ಲೂ ನಡೆಯದ ನಾಣ್ಯಗಳನ್ನು ಚೀಲಕ್ಕೆ ತಮ್ಮ ಜೇಬಿನ ದುಡ್ಡು ಹಾಕಿ ತಾವೇ ಇಟ್ಟುಕೊಂಡು, ಒಂದೊಂದನ್ನೂ ಬಟ್ಟೆಯಲ್ಲಿ ಸುತ್ತಿ, ನೋಟುಪುಸ್ತಕದಲ್ಲಿ ಬರೆದಿಟ್ಟಿದ್ದರು. ಒಟ್ಟು ನಲವತ್ತಮೂರು.

"ಒಂದು ಗಂಟೆ ಬಿಟ್ಟು ಹೋಗು ಅಂದ್ರಾ?" ಪಕ್ಕದಂಗಡಿಯ ಕ್ಷೌರದವನು ಕೈಯಲ್ಲಿ ಕತ್ತರಿ ಹಿಡಿದೇ ಒಳಗೆ ಬಂದ. ಅವನ ಕುರ್ಚಿಯಲ್ಲಿ ಅರ್ಧ ಕತ್ತರಿಸಿದ ತಲೆಯೊಂದು ಕಾಯುತ್ತಿತ್ತು. "ಅಣ್ಣ, ಒಂದು ಗಂಟೆ ಕೊಟ್ರೆ ನಾನು ನಾಲ್ಕು ಜನರ ತಲೆ ಬೋಳಿಸ್ತೀನಿ. ಆತ ನಿನ್ನೊಬ್ಬನ ತಲೆ ಬೋಳಿಸೋಕೆ ಎಷ್ಟು ಹೊತ್ತು?"

"ಅದೇ ನನಗೂ ಅನುಮಾನ."

"ನಿನ್ನದು ತೆಗೆದು, ಅದೇ ತರಹದ ಬೇರೆ ಇಟ್ರೆ? ನಿನಗೆ ಗೊತ್ತಾಗುತ್ತಾ?"

ಮೆಟ್ಟಿಲ ಮೇಲಿಂದ ಕೆಮ್ಮಿದ ಸದ್ದು ಬಂತು. ಕೋರ್ಟಿನಲ್ಲಿ ಗುಮಾಸ್ತರಾಗಿ ನಿವೃತ್ತರಾದ, ಈ ಕಟ್ಟಡದ ಮಹಡಿಯಲ್ಲಿರುವ ಹಿರಿಯರು. ಅವರು ಮಾತಾಡುವ ಮೊದಲು ಕೆಮ್ಮುತ್ತಿದ್ದರು, ಆಮೇಲೆ ನಿಲ್ಲಿಸುತ್ತಿರಲಿಲ್ಲ. "ಕೋರ್ಟಿಗೆ ಬಂದ ಪ್ರತಿ ವಸ್ತುವಿಗೂ ಒಂದು ಗುರುತು ಹಾಕ್ತಾರೆ, ಮೇಸ್ತ್ರೀ. ಗುರುತಿಲ್ಲದ ವಸ್ತು ಅನಾಥ ಇದ್ದಂಗೆ. ಯಾರು ಬೇಕಾದ್ರೂ ಇದು ನಂದು ಅನ್ನಬಹುದು."

ಮೇಸ್ತ್ರಿಯ ಮುಖ ಹೊಸ ಬೀಗದ ಹಾಗೆ ಹೊಳೆಯಿತು. ಗುರುತು ಹಾಕುವುದನ್ನು ಅವನಿಗೆ ಯಾರು ಹೇಳಿಕೊಡಬೇಕು? ತಾನು ಮಾಡಿದ ಪ್ರತಿ ಕೀಲಿಯ ಕೊರಳಿಗೂ ಮೊನಚಾದ ಉಕ್ಕಿನ ಪಂಚು ಇಟ್ಟು ಸುತ್ತಿಗೆಯಿಂದ ಒಂದೇ ಪೆಟ್ಟು ಹೊಡೆದು ಚುಕ್ಕಿ ಹಾಕುವುದು ಅವನ ಪದ್ಧತಿ. ನಾಳೆ ಯಾರಾದರೂ ಸೊಟ್ಟ ಕೀಲಿ ತಂದು "ನೀನೇ ಮಾಡಿದ್ದು" ಎಂದರೆ ಚುಕ್ಕಿ ನೋಡಿ ಉತ್ತರ ಹೇಳಬಹುದು. ಅವನು ಪಂಚು ತೆಗೆದ. ಮೊದಲನೆಯ ನಾಣ್ಯದ ರಾಜನ ಗಲ್ಲದ ಕೆಳಗೆ ಇಟ್ಟ. ಟಣ್.

ಸದ್ದು ಕೇಳಿ ಹಿಂದಿನ ಕೋಣೆಯಿಂದ ಹೆಂಡತಿ ಬಂದಳು. "ಏನ್ರೀ ಇದು? ಮಾವ ಇದ್ದಾಗ ಅದನ್ನ ಬೆರಳಲ್ಲಿ ಮುಟ್ಟೋಕೂ ಬಿಡ್ತಿರಲಿಲ್ಲ. ಅಂಚು ಹಿಡ್ಕೋ, ಅಂಚು ಹಿಡ್ಕೋ ಅಂತಿದ್ರು."

"ಮಾವ ಬಸ್ಸಲ್ಲಿದ್ದವರು. ಅವರಿಗೇನು ಗೊತ್ತು ಕಳ್ಳರ ವಿಷಯ?"

"ಬಸ್ಸಲ್ಲಿದ್ದವರಿಗೆ ಗೊತ್ತಿಲ್ದೆ ಇನ್ಯಾರಿಗೆ ಗೊತ್ತು? ಮೊದಲು ಆ ಯಜಮಾನರನ್ನೇ ಒಂದು ಮಾತು ಕೇಳಬಾರದಾ?"

"ಕಳ್ಳನ್ನ ಕೇಳಿ ಬೀಗ ಹಾಕೋದಾ?" ಎಂದ ಮೇಸ್ತ್ರಿ. ಕ್ಷೌರದವನು ತಲೆದೂಗಿದ, ಗುಮಾಸ್ತರು ಕೆಮ್ಮಿದರು. ಮೂರು ಜನ ಗಂಡಸರು ಒಂದಾದ ಮೇಲೆ ಬುದ್ಧಿಮಾತಿಗೆ ಜಾಗವಿಲ್ಲವೆಂದು ಅವಳು ಒಳಗೆ ಹೋದಳು.

ರಾಜರ ಗಲ್ಲಕ್ಕೆ, ರಾಣಿಯರ ಕಿವಿಗೆ, ಸಿಂಹದ ಹೊಟ್ಟೆಗೆ, ಹಡಗಿನ ಪಟಕ್ಕೆ ಒಂದೊಂದು ಚುಕ್ಕಿ ಬಿತ್ತು. ನಲವತ್ತೆರಡು ಚುಕ್ಕಿ ಮುಗಿಸಿ ಕೊನೆಯದನ್ನು ಎತ್ತಿದ ಮೇಸ್ತ್ರಿ ಮುಖ ಸಿಂಡರಿಸಿದ. ಮಂಕಾದ, ಸಾಧಾರಣ ನಾಣ್ಯ. ಒಂದು ಕಡೆ ಹಕ್ಕಿ. ತಿರುಗಿಸಿದರೆ ಆ ಕಡೆಯೂ ಅದೇ ಹಕ್ಕಿ.

"ಖೋಟಾ," ಎಂದ ಕ್ಷೌರದವನು. "ಮಾಡಿದವನಿಗೆ ಎರಡನೇ ಅಚ್ಚಿಗೆ ದುಡ್ಡಿರಲಿಲ್ಲ ಪಾಪ."

"ಮಾವನಿಗೂ ಟೋಪಿ ಹಾಕಿದ್ದಾರೆ," ಎಂದ ಮೇಸ್ತ್ರಿ. ಇದನ್ನು ಯಾರು ಕದಿಯುತ್ತಾರೆ, ಪೆಟ್ಟು ದಂಡ ಎಂದುಕೊಂಡು ಅದನ್ನು ಬರಿದೇ ಅಂಗಿಯ ಜೇಬಿಗೆ ಇಳಿಬಿಟ್ಟ.

ಹೊರಡುವಾಗ ಇಬ್ಬರೂ ಜೊತೆಗೆ ಹೊರಟರು. ಗುಮಾಸ್ತರು ಸಾಕ್ಷಿಗೆಂದರು, ಕ್ಷೌರದವನು ರಕ್ಷಣೆಗೆಂದ. ಕಾದಿದ್ದ ಅರ್ಧ ತಲೆಯವನಿಗೆ "ಈಗ ಬಂದೆ" ಎಂದು ಹೇಳಿ ಟವೆಲ್ ಹೊದಿಸಿ ಬಂದ. ಇವರು ಇಷ್ಟು ಆಸೆಯಿಂದ ಬರುತ್ತಿರುವುದು ಯಾಕೆ ಎಂದು ಮೇಸ್ತ್ರಿಗೆ ದಾರಿಯಲ್ಲಿ ಹೊಸ ಅನುಮಾನ ಹುಟ್ಟಿತು. ಕ್ಷೌರದವನು ಎಡಕ್ಕೆ ಬಂದರೆ ಡಬ್ಬಿ ಬಲಕ್ಕೆ ಹೋಗುತ್ತಿತ್ತು, ಗುಮಾಸ್ತರು ಬಲಕ್ಕೆ ಬಂದರೆ ಎಡಕ್ಕೆ. ಹೀಗೆ ಡಬ್ಬಿ ತೊಟ್ಟಿಲ ಮಗುವಿನಂತೆ ತೂಗಿಕೊಂಡೇ ನಾಣ್ಯದಂಗಡಿಯ ಬೀದಿ ತಲುಪಿತು.

ನಾಣ್ಯದಂಗಡಿಗೆ ಎದುರಾಗಿ ಔಷಧಿ ಅಂಗಡಿ. ಅದರ ಜಗಲಿಯಲ್ಲಿ ಕಾಸು ಹಾಕಿದರೆ ತೂಕವನ್ನೂ ಭವಿಷ್ಯವನ್ನೂ ಅಚ್ಚು ಹಾಕಿ ಚೀಟಿ ಕೊಡುವ ದೊಡ್ಡ ತೂಕದ ಯಂತ್ರ. ಗುಮಾಸ್ತರು ಅಲ್ಲಿ ನಿಂತು ಕೆಮ್ಮಿದರು. "ಒಳಗೆ ಕೊಡೋ ಮುಂಚೆ ತೂಗಿ, ಮೇಸ್ತ್ರೀ. ತಿರುಗಿ ಬಂದ ಮೇಲೂ ತೂಗಿ. ಲೋಹ ಬದಲಾದ್ರೆ ತೂಕ ಬದಲಾಗಲೇಬೇಕು."

"ಚಿಲ್ಲರೆ ಕೊಡಿ ಯಾರಾದ್ರೂ," ಎಂದ ಮೇಸ್ತ್ರಿ ಡಬ್ಬಿಯನ್ನು ಎದೆಗವಚಿಕೊಂಡು ಯಂತ್ರ ಹತ್ತುತ್ತಾ.

"ನನ್ನ ಹತ್ರ ಇಲ್ಲ," ಎಂದ ಕ್ಷೌರದವನು. ಆ ಮಾತಿಗೆ ಅವನ ಜೇಬು ಝಣಝಣ ಎಂದು ಆಕ್ಷೇಪ ಎತ್ತಿತು. ಗುಮಾಸ್ತರು ಆಕಾಶ ನೋಡಿದರು.

ಮೇಸ್ತ್ರಿಗೆ ಜೇಬಿನ ಹಕ್ಕಿ ನೆನಪಾಯಿತು. ಖೋಟಾ ನಾಣ್ಯಕ್ಕೆ ಇದಕ್ಕಿಂತ ಒಳ್ಳೆ ಗತಿ ಯಾವುದು? ಕಿಂಡಿಗೆ ಹಾಕಿದ. ಯಂತ್ರ ಒಂದು ಕ್ಷಣ ಯೋಚಿಸಿ, ಗುಡುಗುಡಿಸಿ, ಚೀಟಿ ಉಗುಳಿತು. ತೂಕ ಅರವತ್ತೆಂಟು. ಕೆಳಗೆ ಸಣ್ಣ ಅಕ್ಷರದಲ್ಲಿ: "ನಿಮ್ಮ ಕೈಗುಣಕ್ಕೆ ಇಂದು ತಕ್ಕ ಬೆಲೆ ದೊರೆಯುವುದು."

"ಶಕುನ ಚೆನ್ನಾಗಿದೆ," ಎಂದು ಮೇಸ್ತ್ರಿ ಚೀಟಿಯನ್ನು ಮಡಿಸಿ ಇಟ್ಟುಕೊಂಡ. ಯಂತ್ರಕ್ಕೆ ಟೋಪಿ ಹಾಕಿದ ಸಂತೋಷ ಅವನ ನಡಿಗೆಯಲ್ಲೇ ಕಾಣುತ್ತಿತ್ತು.

ಯಜಮಾನರು ಬೆಳ್ಳಗಿನ ಹುಬ್ಬಿನ, ಮೆಲುದನಿಯ ಮುದುಕರು. ಡಬ್ಬಿ, ನೋಟುಪುಸ್ತಕ ಎರಡನ್ನೂ ತೆಗೆದುಕೊಂಡು, "ಒಂದು ಗಂಟೆ ಬಿಟ್ಟು ಬನ್ನಿ" ಎಂದರು. ಮೂವರೂ ಹೊರಗೆ ಬಂದು ಗಾಜಿಗೆ ಮೂಗು ಒತ್ತಿ ನಿಂತರು.

ಒಂದು ಗಂಟೆ ಬೇಕಾಗಲಿಲ್ಲ. ಐದೇ ನಿಮಿಷದಲ್ಲಿ ಯಜಮಾನರು ಕೈಸನ್ನೆ ಮಾಡಿ ಕರೆದರು. ಅವರ ಮುಖ ಹುಣಸೆಹಣ್ಣು ಕಚ್ಚಿದ ಹಾಗಿತ್ತು.

"ಏನಪ್ಪ, ಈ ಗುಂಡಿ ಯಾರು ಹೊಡೆದದ್ದು?"

"ಗುಂಡಿ ಅಲ್ಲ ಸ್ವಾಮಿ, ಗುರುತು."

"ಎಲ್ಲದಕ್ಕೂ ಇದೆಯಲ್ಲ."

"ಇದೆ," ಎಂದ ಮೇಸ್ತ್ರಿ, ಹೆಮ್ಮೆ ಅಡಗಿಸಲಾಗದೆ. "ಒಂದು ಬದಲಾದ್ರೂ ನನಗೆ ಗೊತ್ತಾಗುತ್ತೆ."

ಯಜಮಾನರು ಭೂತಗನ್ನಡಿಯನ್ನು ಕೆಳಗಿಟ್ಟರು. "ನಿಮ್ಮ ಮಾವನನ್ನ ಇವುಗಳಿಗಾಗಿ ಹತ್ತು ವರ್ಷ ಕೇಳಿದ್ದೆ ನಾನು. ನಿನ್ನೆ ತಂದಿದ್ರೆ ಕೈತುಂಬ ಕೊಡ್ತಿದ್ದೆ. ಹಳೆ ನಾಣ್ಯಕ್ಕೆ ಮುಖವೇ ಬೆಲೆ ಕಣಪ್ಪ. ಗೀರು ಬಿದ್ರೆ ಅರ್ಧ ಹೋಯ್ತು, ಗುಂಡಿ ಬಿದ್ರೆ ಪೂರ್ತಿ ಹೋಯ್ತು. ಈಗ ಇದು ಬರೀ ಲೋಹ. ತೂಕಕ್ಕೆ ಏನು ಬರುತ್ತೋ ಅಷ್ಟೇ."

ಮೇಸ್ತ್ರಿಗೆ ದುಃಖವಾಗುವ ಬದಲು ನಗು ಬಂತು. ಕ್ಷೌರದವನ ಕಡೆ ನೋಡಿದ. ಅವನು ಕಣ್ಣು ಹೊಡೆದ. ಬದಲಾಯಿಸಲು ಆಗಲಿಲ್ಲವಲ್ಲ, ಅದಕ್ಕೇ ಮುದುಕ ಬೆಲೆ ಇಳಿಸುತ್ತಿದ್ದಾನೆ. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಎನ್ನುವುದು ಇದಕ್ಕೇ. ಮೇಸ್ತ್ರಿ ನಾಣ್ಯಗಳನ್ನು ಬಾಚಿ ಡಬ್ಬಿಗೆ ತುಂಬಿಕೊಂಡು, "ಊರಲ್ಲಿ ನೀವೊಬ್ಬರೇ ಅಲ್ಲ ಸ್ವಾಮಿ" ಎಂದು ಹೊರಟೇಬಿಟ್ಟ.

ಎರಡು ಬೀದಿ ಆಚೆ ಹಳೆ ಸಾಮಾನಿನ ಅಂಗಡಿ. ಅದನ್ನು ನಡೆಸುವ ಹೆಂಗಸು ನಾಲ್ಕು ನಾಣ್ಯ ತಿರುವಿ ನೋಡಿ, "ಯಾವ ಪುಣ್ಯಾತ್ಮ ಇದಕ್ಕೆ ಮೊಳೆ ಹೊಡೆದದ್ದು?" ಎಂದು ಕೇಳಿ, ಡಬ್ಬಿಯನ್ನು ಈರುಳ್ಳಿ ತೂಗುವ ಹಾಗೆ ತಕ್ಕಡಿಗೆ ಸುರಿದಳು. ಹೇಳಿದ ಬೆಲೆ ತೂಕದ ಬೆಲೆಗಿಂತಲೂ ಕಡಿಮೆ.

"ಫೋನ್ ಮಾಡಿ ಹೇಳಿಬಿಟ್ಟಿದ್ದಾರೆ," ಎಂದ ಮೇಸ್ತ್ರಿ, ಹೊರಗೆ ಬಂದು. ಆದರೆ ಆಕೆಯ ಅಂಗಡಿಯಲ್ಲಿ ಫೋನೇ ಕಾಣಿಸಿರಲಿಲ್ಲ. ಆ ಮಾತು ಅವನ ಬಾಯಿಂದ ಮೊದಲಿನಷ್ಟು ಗಟ್ಟಿಯಾಗಿ ಬರಲಿಲ್ಲ.

"ಮಾವನ ಪುಸ್ತಕ ಎಲ್ಲಿ?" ಎಂದರು ಗುಮಾಸ್ತರು.

ಪುಸ್ತಕ ಯಜಮಾನರ ಮೇಜಿನ ಮೇಲೇ ಉಳಿದಿತ್ತು. ಬೇಕೆಂದೇ ಇಟ್ಟುಕೊಂಡಿದ್ದಾರೆ ಎಂದು ಮೇಸ್ತ್ರಿ ಬಾಣದಂತೆ ತಿರುಗಿ ಓಡಿದ. ಯಜಮಾನರು ಪುಸ್ತಕದ ಕೊನೆಯ ಪುಟ ತೆರೆದಿಟ್ಟುಕೊಂಡು ಅವನನ್ನೇ ಕಾಯುತ್ತಿದ್ದರು.

"ಸದ್ಯ ಬಂದೆಯಲ್ಲ. ಇಲ್ಲಿ ನಲವತ್ತಮೂರು ಅಂತ ಬರೆದಿದೆ. ಡಬ್ಬಿಯಲ್ಲಿ ನಲವತ್ತೆರಡಿತ್ತು. ಎರಡು ಕಡೆನೂ ಹಕ್ಕಿ ಇರೋದು ಎಲ್ಲಿ?"

"ಅದು ಖೋಟಾ ಅಲ್ವಾ?"

"ಖೋಟಾ ಮಾಡೋನು ಅಸಲಿ ತರಹ ಮಾಡ್ತಾನಪ್ಪ. ಹೀಗೆ ತಪ್ಪು ಮಾಡೋದು ಸರ್ಕಾರದ ಟಂಕಸಾಲೆ ಮಾತ್ರ. ಅಪರೂಪಕ್ಕೆ ಒಂದು ಹೀಗೆ ಹೊರಗೆ ಬೀಳುತ್ತೆ." ಯಜಮಾನರು ಮೇಜಿನ ಮೇಲೆ ಮುಂದಕ್ಕೆ ಬಾಗಿದರು. "ಅದಕ್ಕೂ ಗುಂಡಿ ಹೊಡೆದೆಯಾ?"

"ಇಲ್ಲ."

"ಬದುಕಿದೆ. ಅದೊಂದನ್ನ ತಂದುಕೊಡು. ನಿನ್ನ ಕೀಲಿ ಯಂತ್ರ ಒಂದಲ್ಲ, ಎರಡು ಬರುವಷ್ಟು ಕೊಡ್ತೀನಿ."

ಮೇಸ್ತ್ರಿ ಗಾಜಿನಾಚೆ, ರಸ್ತೆಯ ಆ ಬದಿ ನಿಂತಿದ್ದ ತೂಕದ ಯಂತ್ರವನ್ನು ನೋಡಿದ. ಅರವತ್ತೆಂಟು ಕಿಲೋದ ದೇಹದಲ್ಲಿ ರಕ್ತವೆಲ್ಲ ಕಾಲಿಗಿಳಿದ ಹಾಗಾಯಿತು. ಆಗ ನಾಲ್ಕೂವರೆ ಗಂಟೆ.

ಯಂತ್ರದ ಹೊಟ್ಟೆಯಲ್ಲಿ ಕಾಸಿನ ಗೂಡು, ಗೂಡಿಗೊಂದು ಬೀಗ. ಬೀಗ ಕಂಡು ಮೇಸ್ತ್ರಿಗೆ ಹೋದ ಜೀವ ಬಂತು. ಔಷಧಿ ಅಂಗಡಿಯವನ ಬಳಿ ಓಡಿ ಹೋಗಿ, "ಸ್ವಾಮಿ, ಈ ಯಂತ್ರ ಒಂದು ಸಲ ತೆಗೀಬೇಕಿತ್ತು" ಎಂದ.

"ಯಂತ್ರ ನನ್ನದಲ್ಲ. ಕೀಲಿ ಅದರ ಮಾಲೀಕನ ಹತ್ರ ಇದೆ."

"ಕೀಲಿ ಬೇಡ. ನಾನು ಎರಡು ನಿಮಿಷದಲ್ಲಿ ತೆಗೀತೀನಿ."

ಔಷಧಿ ಅಂಗಡಿಯವನು ಅವನನ್ನು ತಲೆಯಿಂದ ಕಾಲಿನವರೆಗೆ ಅಳೆದ. ಮೇಸ್ತ್ರಿಯ ಕೈಯಲ್ಲಿ ಆಗಲೇ ತಂತಿ ಇತ್ತು. ಹಿಂದೆ ಕತ್ತರಿ ಹಿಡಿದವನೊಬ್ಬ, ಕೆಮ್ಮುವವನೊಬ್ಬ. ಅವನು ಫೋನ್ ಎತ್ತಿ ಮಾಲೀಕನನ್ನು ಕರೆಸಿದ.

ಮಾಲೀಕ ಬಂದಾಗ ಐದೂ ಕಾಲು. ಗಟ್ಟಿಮುಟ್ಟಾದ, ಸಣ್ಣ ಕಣ್ಣಿನ ಮನುಷ್ಯ. ಅನುಮಾನದಲ್ಲಿ ಮೇಸ್ತ್ರಿಗಿಂತ ಒಂದು ಕೈ ಮೇಲು: ಮಾತಾಡುವಾಗಲೂ ಕೈ ತನ್ನ ಜೇಬಿನ ಮೇಲೇ ಇಟ್ಟುಕೊಂಡಿದ್ದ. ಕಾಸು ಭದ್ರವಾಗಿದೆಯಾ ನೋಡಲು ತನ್ನ ಕೀಲಿ ಹಾಕಿ ತಿರುಗಿಸಿದ. ತುಕ್ಕು ಹಿಡಿದ ಬೀಗ ಅಲುಗಲಿಲ್ಲ. ಇನ್ನಷ್ಟು ಬಲ ಹಾಕಿದ. ಕೀಲಿ ಒಳಗೇ ಮುರಿಯಿತು.

"ಈಗ ಬಿಡಿ," ಎಂದ ಮೇಸ್ತ್ರಿ. ಎರಡು ನಿಮಿಷವೂ ಆಗಲಿಲ್ಲ. ತುಂಡು ಹೊರಗೆ ಬಂತು, ಬೀಗ ಬಾಯಿ ಬಿಟ್ಟಿತು, ಕಾಸುಗಳು ಜಗಲಿಯ ಮೇಲೆ ಸುರಿದವು. ನಟ್ಟನಡುವೆ ಹಕ್ಕಿ. ಮೇಸ್ತ್ರಿ ಕೈ ಹಾಕಿದ. ಅದರ ಮೇಲೆ ಮಾಲೀಕನ ಕೈ ಬಿತ್ತು.

"ಅದು ನಂದು," ಎಂದ ಮೇಸ್ತ್ರಿ. "ಮಧ್ಯಾಹ್ನ ನಾನೇ ಹಾಕಿದ್ದು."

"ಹಾಕಿದ ಮೇಲೆ ನಿಮ್ಮದು ಹೇಗೆ? ತೂಕ ನೋಡಿಕೊಂಡ್ರಲ್ಲ." ಮಾಲೀಕ ನಾಣ್ಯವನ್ನು ತಿರುಗಿಸಿ ನೋಡಿದ. ಸಣ್ಣ ಕಣ್ಣು ಇನ್ನೂ ಸಣ್ಣದಾಯಿತು. "ಇದು ನಡೆಯೋ ಕಾಸಲ್ಲ. ನನ್ನ ಯಂತ್ರಕ್ಕೆ ಮೋಸ ಮಾಡಿದ್ದು ನೀವೇ ಅಂತ ಒಪ್ಪಿಕೊಳ್ತಿದ್ದೀರಾ?"

ಗುಮಾಸ್ತರು ಕೆಮ್ಮಿ, ಮೇಸ್ತ್ರಿಯ ಕಿವಿಯಲ್ಲಿ, "ಒಪ್ಪಿಕೊಂಡ್ರೆ ಮೋಸದ ಕೇಸು, ಒಪ್ಪಿಕೊಳ್ಳದಿದ್ರೆ ನಾಣ್ಯ ಇಲ್ಲ" ಎಂದರು. ಇಷ್ಟು ಸ್ಪಷ್ಟವಾದ ಸಲಹೆಯನ್ನು ಅವರು ಸೇವೆಯಲ್ಲಿದ್ದಾಗಲೂ ಯಾರಿಗೂ ಕೊಟ್ಟಿರಲಿಲ್ಲ.

"ನನ್ನದೇ ಸ್ವಾಮಿ," ಎಂದು ಮೇಸ್ತ್ರಿ ಡಬ್ಬಿ ಬಿಚ್ಚಿದ. "ನೋಡಿ, ಇದರ ಜೊತೆಯವು. ಎಲ್ಲದಕ್ಕೂ ನನ್ನ ಗುರುತಿದೆ."

ಮಾಲೀಕ ಒಂದೊಂದೇ ನೋಡಿದ. ರಾಜರ ಗಲ್ಲ ನೋಡಿದ, ರಾಣಿಯರ ಕಿವಿ ನೋಡಿದ. ಆಮೇಲೆ ಹಕ್ಕಿಯನ್ನು ಎರಡೂ ಕಡೆ ನೋಡಿದ. "ನಿಮ್ಮದಕ್ಕೆಲ್ಲ ಗುರುತು ಇರುತ್ತೆ ಅಂತ ನೀವೇ ತೋರಿಸ್ತಿದ್ದೀರಿ. ಇದಕ್ಕೆ ಇಲ್ಲ. ಅಂದ್ಮೇಲೆ ಇದು ನಿಮ್ಮದಲ್ಲ."

ಕ್ಷೌರದವನಿಗೆ ಇದ್ದಕ್ಕಿದ್ದಂತೆ ತನ್ನ ಅರ್ಧ ತಲೆಯ ಗಿರಾಕಿ ನೆನಪಾದ.

ಅಷ್ಟರಲ್ಲಿ ಯಜಮಾನರು ರಸ್ತೆ ದಾಟಿ ಏದುಸಿರು ಬಿಡುತ್ತಾ ಬಂದರು. ಯಾರದಾದರೇನು, ಅವರಿಗೆ ನಾಣ್ಯ ಬೇಕಿತ್ತು. ಮಾಲೀಕನ ಕಿವಿಯಲ್ಲಿ ಬೆಲೆ ಹೇಳಿದರು. ಅವನ ಕೈ ಮೊದಲ ಸಲ ಜೇಬು ಬಿಟ್ಟು ಎದೆಗೆ ಹೋಯಿತು.

"ಅಂಗಡಿಗೆ ತಗೊಂಡು ಹೋಗಿ ದೀಪದ ಕೆಳಗೆ ಒಂದು ಸಲ ಪರೀಕ್ಷೆ ಮಾಡ್ತೀನಪ್ಪ," ಎಂದರು ಯಜಮಾನರು. "ಒಂದು ಗಂಟೆ ನನ್ನ ಹತ್ರ ಬಿಡು."

"ಒಂದು ಗಂಟೆ?" ಎಂದ ಮಾಲೀಕ. ಎಡಕ್ಕೆ ನೋಡಿದ, ಬಲಕ್ಕೆ ನೋಡಿದ. ಕೊನೆಗೆ ಮೇಸ್ತ್ರಿಯ ಕಡೆ ತಿರುಗಿ ದನಿ ಇಳಿಸಿದ. "ಮೇಸ್ತ್ರೀ, ಆ ಗುರುತು ಹಾಕೋ ಸಾಮಾನು ತಂದಿದ್ದೀರಾ? ಇದಕ್ಕೂ ಒಂದು ಹಾಕಿಕೊಡಿ. ಈ ಮುದುಕಪ್ಪ ಬದಲಾಯಿಸಿಬಿಟ್ರೆ?"

ಪಂಚು ಮೇಸ್ತ್ರಿಯ ಜೇಬಿನಲ್ಲೇ ಇತ್ತು. ಹೊರತೆಗೆದ. ಮಾಲೀಕ ಹಕ್ಕಿಯನ್ನು ಅವನ ಕೈಗಿಟ್ಟ. ಯಜಮಾನರ ಮುಖ ಸುಣ್ಣವಾಯಿತು. ಒಂದೇ ಪೆಟ್ಟು, ತನಗೆ ಸಿಗದ್ದು ಯಾರಿಗೂ ಸಿಗದು ಎನಿಸಿತು ಮೇಸ್ತ್ರಿಗೆ. ಆದರೆ ಕೈಯಲ್ಲಿ ಹಕ್ಕಿ ಹಿಡಿದಾಗ, ಮೂವತ್ತೈದು ವರ್ಷ ಅಲುಗುವ ಬಸ್ಸಿನಲ್ಲಿ ನಿಂತುಕೊಂಡು ಅಂಚು ಹಿಡ್ಕೋ, ಅಂಚು ಹಿಡ್ಕೋ ಎನ್ನುತ್ತಿದ್ದ ಮಾವ ನೆನಪಾದರು. ಮೇಸ್ತ್ರಿ ಅಂಚು ಹಿಡಿದ.

"ಬೇಡ ಸ್ವಾಮಿ," ಎಂದ. "ಚುಕ್ಕಿ ಹಾಕಿದ್ರೆ ಬೆಲೆ ಹೋಗುತ್ತೆ. ಈ ಯಜಮಾನರು ಒಳ್ಳೆಯವರು. ನಂಬಿ ಕೊಡಿ."

ನಂಬಿ ಎಂಬ ಮಾತು ಆ ಬಾಯಿಂದ ಬಂದದ್ದು ಅದೇ ಮೊದಲು. ಮಾಲೀಕ ಅವನನ್ನೊಮ್ಮೆ ಯಜಮಾನರನ್ನೊಮ್ಮೆ ನೋಡಿದ.

"ಹೌದಾ? ನಲವತ್ತೆರಡಕ್ಕೆ ಹಾಕಿದವರು ಇದೊಂದಕ್ಕೆ ಬೇಡ ಅಂತೀರಾ? ಗೊತ್ತಾಯ್ತು ಬಿಡಿ. ಇಬ್ಬರೂ ಸೇರಿಕೊಂಡಿದ್ದೀರಿ."

ಯಾರೂ ಕೈ ಚಾಚುವ ಮೊದಲೇ ಅವನು ನಾಣ್ಯ, ಪಂಚು ಎರಡನ್ನೂ ಕಿತ್ತುಕೊಂಡು, ಜಗಲಿಯ ಕಲ್ಲಿನ ಮೇಲಿಟ್ಟು, ಕಳಚಿಟ್ಟ ಬೀಗದಿಂದಲೇ ಒಂದು ಏಟು ಹೊಡೆದ. ಟಣ್. ಅಭ್ಯಾಸವಿಲ್ಲದ ಕೈ, ಪಂಚು ಈ ಕಡೆಯ ಹಕ್ಕಿಯ ಕಣ್ಣು ತೂರಿ ಆ ಕಡೆಯ ಹಕ್ಕಿಯ ಕಣ್ಣಿನಿಂದ ಹೊರಬಂತು.

ಯಜಮಾನರು ಔಷಧಿ ಅಂಗಡಿಯ ಮೆಟ್ಟಿಲ ಮೇಲೆ ಕುಸಿದು ಕೂತರು. ಅಂಗಡಿಯವನು ನೀರು ತಂದುಕೊಟ್ಟ. ನೀರು ಕುಡಿದು ಅವರು, "ಈಗ ಬೇಡಪ್ಪ" ಎಂದಷ್ಟೇ ಹೇಳಿ ರಸ್ತೆ ದಾಟಿ ಹೋದರು.

ಮಾಲೀಕ ನಾಣ್ಯವನ್ನು ಬೆಳಕಿಗೆ ಹಿಡಿದು ತೂತಿನೊಳಗಿಂದ ಮೇಸ್ತ್ರಿಯನ್ನು ನೋಡಿದ. "ಬೀಗ ತೆಗೆದದ್ದಕ್ಕೆ ಕೂಲಿ ಏನಾದ್ರೂ ಕೊಡಬೇಕಲ್ಲ ನಿಮಗೆ," ಎಂದ. "ತಗೊಳ್ಳಿ. ನೀವೇ ನಿಮ್ಮದು ಅಂತಿದ್ರಲ್ಲ."

ಮೇಸ್ತ್ರಿ ಮನೆ ಮುಟ್ಟಿದಾಗ ಆರೂವರೆ. ಎದುರಂಗಡಿಯಲ್ಲಿ ಯಂತ್ರ ಕಿರ್ರ್ ಎನ್ನುತ್ತಿತ್ತು. ಅದರ ಪಕ್ಕದಲ್ಲಿ ಸ್ಟೂಲು ಖಾಲಿ ಇತ್ತು. ಕ್ಷೌರದಂಗಡಿಯಲ್ಲಿ ಗಿರಾಕಿ ಇರಲಿಲ್ಲ, ಟವೆಲ್ಲೂ ಇರಲಿಲ್ಲ. ಹೆಂಡತಿ ಬಾಗಿಲಿನಲ್ಲೇ ನಿಂತಿದ್ದಳು. ಅವನ ಕೈಯಲ್ಲಿ ಡಬ್ಬಿ ಕಂಡಿತು, ಯಂತ್ರದ ವಿಷಯ ಅವಳು ಕೇಳಲೇ ಇಲ್ಲ.

"ಎಲ್ಲ ಸರಿಯಾಗಿ ಎಣಿಸಿಕೊಂಡು ತಂದ್ರಾ?" ಎಂದಳು.

ಮೇಸ್ತ್ರಿ ಡಬ್ಬಿಯ ಮುಚ್ಚಳ ತೆಗೆದು, ಜೇಬಿನಲ್ಲಿದ್ದ ಹಕ್ಕಿಯನ್ನು ಮೆಲ್ಲಗೆ ಉಳಿದವುಗಳ ಜೊತೆ ಇಟ್ಟ.

"ನಲವತ್ತಮೂರಕ್ಕೆ ನಲವತ್ತಮೂರೂ ಇದೆ," ಎಂದ. "ಎಲ್ಲದಕ್ಕೂ ಗುರುತಿದೆ. ಒಂದೂ ಬದಲಾಗಿಲ್ಲ."